ಗಿಟ್‌ಹಬ್ ಎಂಸಿಪಿ ಸರ್ವರ್ ವಿಮರ್ಶೆ: ಇಶ್ಯೂ ಟೂಲ್‌ಗಳ ವಿವರಣೆ ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು

ಕೆಲಸದ ಲೆಕ್ಕವನ್ನೆಲ್ಲ ಗಿಟ್‌ಹಬ್ ಇಶ್ಯೂಗಳಲ್ಲೇ (ಕೋಡ್ ಇಡುವ ಆ ತಾಣದಲ್ಲಿ ಬಗ್, ಕೆಲಸಗಳನ್ನು ಬರೆದಿಡುವ ಚೀಟಿಗಳು) ಇಡುವ ತಂಡ ಎಐ ಏಜೆಂಟ್ ಜೋಡಿಸಿಕೊಳ್ಳಲು ಹೊರಟರೆ, ಗಿಟ್‌ಹಬ್‌ನವರದೇ ಎಂಸಿಪಿ ಸರ್ವರ್ (ಏಜೆಂಟ್ ಕರೆಯಬಹುದಾದ ಟೂಲ್‌ಗಳನ್ನು ಒದಗಿಸುವ ಕೊಂಡಿ) ಬಿಟ್ಟು ಬೇರೆ ಹುಡುಕುವ ಅಗತ್ಯವಿಲ್ಲ. 2025ರ ಏಪ್ರಿಲ್‌ನಲ್ಲಿ ಹೊರಬಂದದ್ದು, ಗೋ ಭಾಷೆಯಲ್ಲಿ ಬರೆದದ್ದು, ಓಪನ್ ಸೋರ್ಸ್. ಸರ್ವರ್‌ಗೆಂದು ದುಡ್ಡು ಕೊಡಬೇಕಾಗಿಲ್ಲ. ಓದುವ ಕೆಲಸಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳದೆ ಹಾಕಿಕೊಳ್ಳಬಹುದು. ಬರೆಯುವ ಅನುಮತಿ ಕೊಡುವ ಮುಂಚೆ ಮಾತ್ರ ಎರಡು ಮೂರು ಟೂಲ್‌ಗಳ ವಿವರಣೆಯನ್ನು ನೀವೇ ತಿದ್ದಿ ಬರೆದುಕೊಳ್ಳಬೇಕು. ತಿದ್ದದಿದ್ದರೆ ಮೊದಲು ಅಳಿದುಹೋಗುವುದು ಇಶ್ಯೂಗೆ ಅಂಟಿಸಿದ ಲೇಬಲ್‌ಗಳು.

ಇಲ್ಲಿ ನೋಡುತ್ತಿರುವುದು ಸರ್ವರ್‌ನ ವೇಗವನ್ನಲ್ಲ, ಲಾಗಿನ್ ಸೌಕರ್ಯವನ್ನೂ ಅಲ್ಲ. ಇಶ್ಯೂ ಗುಂಪಿನ ಟೂಲ್‌ಗಳ ವಿವರಣೆಯನ್ನಷ್ಟೇ. ಕಾರಣ ಸರಳ. ಏಜೆಂಟ್ ಒಳಗಿರುವ ಮಾಡೆಲ್‌ಗೆ ಸರ್ವರ್‌ನ ಹಿಂದಿರುವ ಎಪಿಐ (ತಂತ್ರಾಂಶಗಳು ಒಂದಕ್ಕೊಂದು ಮಾತಾಡುವ ದಾರಿ) ದಾಖಲೆ ಕಾಣುವುದಿಲ್ಲ, ಸರ್ವರ್‌ನ ಸೋರ್ಸ್ ಕೋಡ್ ಕಾಣುವುದಿಲ್ಲ. ಟೂಲ್‌ನ ಹೆಸರು, ಅದರ ವಿವರಣೆ, ಯಾವ ಪ್ಯಾರಾಮೀಟರ್‌ಗೆ (ಟೂಲ್ ಕೇಳುವ ಒಂದೊಂದು ವಿವರಕ್ಕೆ) ಏನು ಕೊಡಬೇಕೆಂಬ ಸ್ಕೀಮಾ, ಹೆಚ್ಚೆಂದರೆ ಸರ್ವರ್ ಕಳಿಸುವ ಒಂದಿಷ್ಟು ಸಾಮಾನ್ಯ ಸೂಚನೆ, ಇವಿಷ್ಟನ್ನೇ ಓದಿ ಅದು ನಿರ್ಧಾರ ಮಾಡುತ್ತದೆ. ಆ ಸಾಲುಗಳಲ್ಲಿ ಇಲ್ಲದ್ದನ್ನು ಊಹೆಯಿಂದ ತುಂಬಿಕೊಳ್ಳುತ್ತದೆ. ಊಹೆ ಸರಿಯಾದರೆ ಯಾರಿಗೂ ಗೊತ್ತಾಗುವುದಿಲ್ಲ, ತಪ್ಪಾದರೂ ಎಷ್ಟೋ ಸಲ ಗೊತ್ತಾಗುವುದಿಲ್ಲ. ತೊಂದರೆ ಇರುವುದೇ ಅಲ್ಲಿ.

ಮಾಡೆಲ್ ಓದುವುದನ್ನೇ ನೀವೂ ಓದಬೇಕೆಂದರೆ ಎಂಸಿಪಿ ಇನ್‌ಸ್ಪೆಕ್ಟರ್ ಎಂಬ ಉಪಕರಣವಿದೆ. ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಹೊಸ ಆವೃತ್ತಿ ಇರುವ ಲ್ಯಾಪ್‌ಟಾಪ್‌ನಲ್ಲಿ ಅದರ ಎನ್‌ಪಿಎಕ್ಸ್ ಕಮಾಂಡ್ ಮೂಲಕ ಓಡುತ್ತದೆ. ಸರ್ವರ್‌ಗೆ ಜೋಡಿಸಿ ಟೂಲ್ ಪಟ್ಟಿ ತೆರೆದರೆ ಪ್ರತಿ ಟೂಲ್‌ನ ವಿವರಣೆ, ಸ್ಕೀಮಾ ಇದ್ದ ಹಾಗೇ ಸಿಗುತ್ತದೆ. ಈ ಸರ್ವರ್ ಆಗಾಗ ಬದಲಾಗುತ್ತಿರುತ್ತದೆ, ಟೂಲ್‌ಗಳ ಹೆಸರೇ ಬದಲಾದದ್ದುಂಟು. ಹಾಗಾಗಿ ಮುಂದೆ ಹೇಳುವ ಪ್ರತಿ ಅಂಶವನ್ನೂ ನಿಮ್ಮ ಆವೃತ್ತಿಯ ಪಟ್ಟಿಯ ಜೊತೆ ಹೊಂದಿಸಿ ನೋಡಿಕೊಳ್ಳಿ.

ಮೊದಲು ಮೆಚ್ಚಬೇಕಾದ್ದು. ಒಂದು ಇಶ್ಯೂ ಕೆಳಗೆ ಉಪ ಇಶ್ಯೂ ಸೇರಿಸುವ ‘ಸಬ್_ಇಶ್ಯೂ_ರೈಟ್’ ಟೂಲ್‌ನಲ್ಲಿ ಒಂದು ಪ್ಯಾರಾಮೀಟರ್ ಐಡಿ ಕೇಳುತ್ತದೆ. ಅದರ ವಿವರಣೆಯಲ್ಲೇ ‘ಐಡಿ ಬೇರೆ, ಇಶ್ಯೂ ನಂಬರ್ ಬೇರೆ’ ಎಂದು ಬರೆದಿದ್ದಾರೆ. ಜನ 142 ಎನ್ನುತ್ತಾರೆ, ಎಪಿಐಗೆ ಬೇಕಾದದ್ದು ಒಳಗಿನ ಉದ್ದನೆಯ ಸಂಖ್ಯೆ. ಈ ಎಚ್ಚರಿಕೆ ಇಲ್ಲದಿದ್ದರೆ ಮಾಡೆಲ್ ಸೀದಾ 142 ಕಳಿಸುತ್ತಿತ್ತು. ಅರ್ಧ ಸಾಲು ಖರ್ಚು ಮಾಡಿ ಒಂದು ಇಡೀ ಜಾತಿಯ ತಪ್ಪನ್ನು ಕಟ್ಟಿಹಾಕಿದ್ದಾರೆ.

ಇಶ್ಯೂ ಬಗೆಯನ್ನು ಕೇಳುವ ಪ್ಯಾರಾಮೀಟರ್ ಇನ್ನೂ ಚೆನ್ನಾಗಿದೆ. ರೆಪೊದಲ್ಲಿ (ಒಂದು ಯೋಜನೆಯ ಕೋಡ್, ಇಶ್ಯೂಗಳಿರುವ ಜಾಗದಲ್ಲಿ) ಬಗೆಗಳನ್ನು ಹೊಂದಿಸಿದ್ದರೆ ಮಾತ್ರ ಬಳಸು, ಸರಿಯಾದ ಬಗೆಗಳ ಹೆಸರನ್ನು ‘ಲಿಸ್ಟ್_ಇಶ್ಯೂ_ಟೈಪ್ಸ್’ ಟೂಲ್‌ನಿಂದ ತಂದುಕೋ, ಇಲ್ಲದಿದ್ದರೆ ಈ ಪ್ಯಾರಾಮೀಟರನ್ನೇ ಬಿಟ್ಟುಬಿಡು, ಎಂದು ಮೂರೂ ಮಾತು ಹೇಳುತ್ತದೆ. ಯಾವಾಗ ಬೇಕು, ಎಲ್ಲಿಂದ ತರಬೇಕು, ಇಲ್ಲದಿದ್ದರೆ ಏನು ಮಾಡಬೇಕು. ನಿಮ್ಮ ಸ್ವಂತ ಟ್ರ್ಯಾಕರ್‌ಗೆ ಎಂಸಿಪಿ ಸರ್ವರ್ ಬರೆಯುತ್ತಿದ್ದರೆ ಈ ಒಂದು ಪ್ಯಾರಾಮೀಟರನ್ನು ಮಾದರಿಯಾಗಿ ಇಟ್ಟುಕೊಂಡರೆ ಸಾಕು. ‘ಸರ್ಚ್_ಇಶ್ಯೂಸ್’ ಟೂಲ್‌ಗೂ ಹಾಗೇ, ಹುಡುಕಾಟ ಈಗಾಗಲೇ ಇಶ್ಯೂಗಳಿಗಷ್ಟೇ ಸೀಮಿತ ಎಂದು ಬರೆದಿದೆ. ಗಿಟ್‌ಹಬ್‌ನ ರೆಸ್ಟ್ ಎಪಿಐಯಲ್ಲಿ ಪುಲ್ ರಿಕ್ವೆಸ್ಟ್ (ಕೋಡ್ ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ಕೂಡ ಒಂದು ಇಶ್ಯೂ, ನಂಬರ್ ಸಾಲೂ ಒಂದೇ. ಆ ಗೊಂದಲವನ್ನು ಇಲ್ಲೇ ಬಗೆಹರಿಸಿದ್ದಾರೆ.

ಈಗ ‘ಇಶ್ಯೂ_ರೈಟ್’. ಹೊಸ ಇಶ್ಯೂ ಸೃಷ್ಟಿಸುವುದು, ಇರುವುದನ್ನು ಬದಲಿಸುವುದು, ಎರಡಕ್ಕೂ ಇದೊಂದೇ ಟೂಲ್. ಮೊದಲು ಎರಡು ಬೇರೆ ಟೂಲ್‌ಗಳಿದ್ದವು, ಆಮೇಲೆ ಕೂಡಿಸಿದರು. ಟೂಲ್ ಮಟ್ಟದ ವಿವರಣೆ ಒಂದೇ ಸಾಲು: ರೆಪೊದಲ್ಲಿ ಹೊಸ ಇಶ್ಯೂ ಮಾಡು ಅಥವಾ ಇರುವ ಇಶ್ಯೂವನ್ನು ಅಪ್‌ಡೇಟ್ ಮಾಡು. ಲೇಬಲ್ ಪ್ಯಾರಾಮೀಟರ್‌ಗೆ ಇನ್ನೊಂದು ಸಾಲು: ಈ ಇಶ್ಯೂಗೆ ಹಾಕಬೇಕಾದ ಲೇಬಲ್‌ಗಳು. ಓದಿದವರಿಗೆ ಏನೂ ಕೊರತೆ ಕಾಣುವುದಿಲ್ಲ. ಕೊರತೆ ಇರುವುದು ಅದು ಹೇಳದ ಕಡೆ.

ಒಂದು ಇಶ್ಯೂ ತೆಗೆದುಕೊಳ್ಳಿ. ಅದರ ಮೇಲೆ ಮೂರು ಲೇಬಲ್: ಬಗ್, ಪೇಮೆಂಟ್ಸ್, ಆಂಡ್ರಾಯ್ಡ್. ಬೆಳಗಿನ ಸ್ಟ್ಯಾಂಡಪ್‌ನಲ್ಲಿ ಯಾರೋ ಏಜೆಂಟ್‌ಗೆ ‘142ನ್ನ ಅರ್ಜೆಂಟ್ ಮಾಡಪ್ಪ’ ಎನ್ನುತ್ತಾರೆ. ಆದ್ಯತೆಯನ್ನು ಲೇಬಲ್‌ನಲ್ಲೇ ತೋರಿಸುವ ಪದ್ಧತಿ ಇರುವ ತಂಡದಲ್ಲಿ ಅರ್ಜೆಂಟ್ ಎಂದರೆ ಪಿ0 ಲೇಬಲ್. ಮಾಡೆಲ್ ಇದನ್ನು ಸರಿಯಾಗಿಯೇ ಅರ್ಥ ಮಾಡಿಕೊಂಡು ‘ಇಶ್ಯೂ_ರೈಟ್’ ಕರೆಯುತ್ತದೆ. ವಿಧಾನ ಅಪ್‌ಡೇಟ್, ನಂಬರ್ 142, ಲೇಬಲ್ ಪಟ್ಟಿಯಲ್ಲಿ ಪಿ0 ಒಂದೇ. ಕರೆ ಯಶಸ್ವಿ. ಏಜೆಂಟ್ ‘ಪಿ0 ಹಾಕಿದ್ದೇನೆ’ ಎನ್ನುತ್ತದೆ, ಅದೂ ಸುಳ್ಳಲ್ಲ.

ಆದರೆ ಗಿಟ್‌ಹಬ್ ಎಪಿಐಯಲ್ಲಿ ಇಶ್ಯೂ ಅಪ್‌ಡೇಟ್ ಮಾಡುವಾಗ ಕಳಿಸಿದ ಲೇಬಲ್ ಪಟ್ಟಿ ಹಳೆಯದರ ಜೊತೆ ಸೇರುವುದಿಲ್ಲ, ಹಳೆಯದರ ಜಾಗಕ್ಕೇ ಬರುತ್ತದೆ. ಬಗ್ ಹೋಯಿತು, ಪೇಮೆಂಟ್ಸ್ ಹೋಯಿತು, ಆಂಡ್ರಾಯ್ಡ್ ಹೋಯಿತು. ಪೇಮೆಂಟ್ಸ್ ಲೇಬಲ್‌ನ ಮೇಲೆ ಫಿಲ್ಟರ್ ಹಾಕಿಕೊಂಡು ಕೆಲಸ ಮಾಡುವ ತಂಡದ ಬೋರ್ಡ್‌ನಿಂದ ಆ ಇಶ್ಯೂ ಮಾಯ. ಎರರ್ ಇಲ್ಲ, ಕೆಂಪು ಗುರುತಿಲ್ಲ. ಇಶ್ಯೂ ತೆರೆದು ಟೈಮ್‌ಲೈನ್‌ನಲ್ಲಿ ಕೆಳಗೆ ಹೋದರೆ ಮಾತ್ರ ಲೇಬಲ್ ತೆಗೆದ ದಾಖಲೆ ಕಾಣುತ್ತದೆ. ಅತ್ಯಂತ ತುರ್ತಿನ ಇಶ್ಯೂವೇ ಅದನ್ನು ಸರಿಮಾಡಬೇಕಾದವರ ಕಣ್ಣಿಂದ ತಪ್ಪಿಸಿಕೊಂಡಿರುತ್ತದೆ. ಯಾರಿಗೆ ಕೆಲಸ ಎಂದು ಹೇಳುವ ಅಸೈನೀ ಪಟ್ಟಿಗೂ ಇದೇ ನಿಯಮ. ‘ಇದಕ್ಕೆ ಇನ್ನೊಬ್ಬರನ್ನೂ ಸೇರಿಸು’ ಎಂದರೆ ಮೊದಲಿದ್ದವರು ಹೊರಬೀಳುತ್ತಾರೆ.

ಇದನ್ನು ಮಾಡೆಲ್‌ನ ತಲೆಗೆ ಕಟ್ಟುವುದು ನ್ಯಾಯವಲ್ಲ. ‘ಹಾಕಬೇಕಾದ ಲೇಬಲ್‌ಗಳು’ ಎಂಬ ಸಾಲನ್ನು ಯಾರಿಗೆ ಕೊಟ್ಟರೂ ಹಾಕಬೇಕಾದದ್ದನ್ನಷ್ಟೇ ಕಳಿಸುತ್ತಾರೆ. ಪಟ್ಟಿಯನ್ನು ತೆಗೆದುಕೊಳ್ಳುವ ಯಾವ ಟೂಲ್‌ಗೂ ವಿವರಣೆಯಲ್ಲಿ ಮೊದಲು ಬರಬೇಕಾದ ಮಾಹಿತಿ ಇದು: ಸೇರಿಸುತ್ತದೆಯೋ, ಬದಲಿಸುತ್ತದೆಯೋ. ಇದು ಗಿಟ್‌ಹಬ್‌ನ ಒಂದರ ಕತೆಯಲ್ಲ. ಇಂಥದ್ದೇ ಇನ್ನೊಂದು ಟ್ರ್ಯಾಕರ್ ಆದ ಜೀರಾದ ಎಪಿಐಯಲ್ಲೂ ಲೇಬಲ್ ಫೀಲ್ಡ್‌ಗೆ ನೇರವಾಗಿ ಪಟ್ಟಿ ಕೊಟ್ಟರೆ ಹಳೆಯದು ಅಳಿಯುತ್ತದೆ, ಸೇರಿಸಲು ಬೇರೆ ದಾರಿ ಇದೆ.

ಎರಡನೆಯ ಪೊಳ್ಳು ‘ಲಿಸ್ಟ್_ಇಶ್ಯೂಸ್’ನ ‘ಸಿನ್ಸ್’ ಪ್ಯಾರಾಮೀಟರ್. ದಿನಾಂಕದಿಂದ ಫಿಲ್ಟರ್ ಮಾಡುತ್ತದೆ, ಐಎಸ್ಒ 8601 ರೂಪದಲ್ಲಿ ಕೊಡು ಎಂದಷ್ಟೇ ಇದೆ. ಯಾವ ದಿನಾಂಕ? ಸೃಷ್ಟಿಯಾದದ್ದೋ, ಕೊನೆಗೆ ಬದಲಾದದ್ದೋ? ಒಳಗೆ ನಡೆಯುವುದು ಬದಲಾದ ದಿನಾಂಕದ ಮೇಲೆ. ‘ಈ ವಾರ ಎಷ್ಟು ಬಗ್ ಬಂತು?’ ಎಂದು ಮ್ಯಾನೇಜರ್ ಕೇಳಿದರೆ, ಹೋದ ವರ್ಷದ ಇಶ್ಯೂಗೆ ಮೊನ್ನೆ ಯಾರೋ ಒಂದು ಕಾಮೆಂಟ್ ಹಾಕಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಜೊತೆಗೆ ತೆರೆದದ್ದೋ ಮುಚ್ಚಿದ್ದೋ ಎಂದು ಹೇಳದಿದ್ದರೆ ಎರಡೂ ಬರುತ್ತವೆ. ಇದನ್ನು ಮಾತ್ರ ವಿವರಣೆಯಲ್ಲಿ ಬರೆದಿದ್ದಾರೆ, ಪುಣ್ಯ. ವಾರದ ವರದಿಗೆ ಸರಿಯಾದ ದಾರಿ ‘ಸರ್ಚ್_ಇಶ್ಯೂಸ್’ನಲ್ಲಿ ‘ಕ್ರಿಯೇಟೆಡ್’ ಷರತ್ತು ಹಾಕಿ ಹುಡುಕುವುದು, ಒಟ್ಟು ಸಂಖ್ಯೆಯನ್ನು ಉತ್ತರದಿಂದಲೇ ಓದಿಕೊಳ್ಳುವುದು. ಒಂದು ಹುಡುಕಾಟಕ್ಕೆ 1000 ಫಲಿತಾಂಶದಾಚೆ ಗಿಟ್‌ಹಬ್ ಕೊಡುವುದಿಲ್ಲ, ಪುಟಕ್ಕೆ ಹೆಚ್ಚೆಂದರೆ 100. ಅದನ್ನು ಮೀರುವ ರೆಪೊ ಇದ್ದರೆ ದಿನಾಂಕವನ್ನು ತುಂಡು ಮಾಡಿ ಕೇಳಬೇಕು.

ಮುಚ್ಚುವ ಕಾರಣದ ವಿಷಯದಲ್ಲಿ ಸರ್ವರ್ ಪರವಾಗಿಲ್ಲ. ಮುಗಿಯಿತು, ಮಾಡುವುದಿಲ್ಲ, ನಕಲು ಎಂಬ ಮೂರು ಆಯ್ಕೆ ಸ್ಕೀಮಾದಲ್ಲೇ ಇದೆ. ನಕಲು ಎಂದಾಗ ಯಾವುದರ ನಕಲು ಎಂಬ ನಂಬರ್‌ಗೂ ಜಾಗವಿದೆ. ಆದರೆ ಬೆಂಗಳೂರಿನ ಆಫೀಸಿನಲ್ಲಿ ಏಜೆಂಟ್‌ಗೆ ಬರುವ ಮಾತು ‘ಕ್ಲೋಸ್ ಮಾಡ್ಬಿಡು’ ಎಂಬಷ್ಟೇ. ‘ಬಿಡು, ಅದು ಬೇಡ’ ಎಂದರೆ ಮಾಡುವುದಿಲ್ಲ ಎಂದು, ‘ಇದು ಆಗ್ಲೇ ಇದೆಯಲ್ಲ’ ಎಂದರೆ ನಕಲು ಎಂದು, ‘ಆಯ್ತು, ಮರ್ಜ್ ಆಗಿದೆ’ ಎಂದರೆ ಮುಗಿಯಿತು ಎಂದು ತಂಡಕ್ಕೆ ಗೊತ್ತು. ಬರೀ ‘ಕ್ಲೋಸ್ ಮಾಡು’ ಎಂದರೆ ಏನು ಮಾಡಬೇಕು ಎಂಬುದನ್ನು ವಿವರಣೆಯಲ್ಲಿ ನೀವೇ ಹೇಳಬೇಕು. ಕಾರಣ ತಿಳಿಯದಿದ್ದರೆ ಕೇಳು, ಊಹಿಸಬೇಡ. ತಿಂಗಳ ಕೊನೆಗೆ ‘ಎಷ್ಟು ಮುಗಿಸಿದೆವು’ ಎಂದು ಲೆಕ್ಕ ತೆಗೆಯುವವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಹೊಸ ಇಶ್ಯೂ ಮಾಡುವಾಗ ಬರುವ ತೊಂದರೆ ಬೇರೆ. ನೆಟ್‌ವರ್ಕ್ ತಡವಾಗಿ ಟೈಮ್‌ಔಟ್ ಆದರೆ ಏಜೆಂಟ್ ಅದೇ ಕರೆಯನ್ನು ಮತ್ತೆ ಮಾಡುತ್ತದೆ. ಮೊದಲ ಕರೆ ಆ ಕಡೆ ತಲುಪಿ ಇಶ್ಯೂ ಆಗಿದ್ದರೆ ಈಗ ಎರಡು. ಮತ್ತೆ ಮಾಡುವ ಮುನ್ನ ಹುಡುಕು ಎಂದು ಬರೆದರೂ ಪೂರ್ತಿ ಸಾಲದು, ಏಕೆಂದರೆ ಆಗಷ್ಟೇ ಸೃಷ್ಟಿಯಾದ ಇಶ್ಯೂ ಸರ್ಚ್ ಇಂಡೆಕ್ಸ್‌ಗೆ ಸೇರಲು ಸ್ವಲ್ಪ ಹೊತ್ತು ಹಿಡಿಯಬಹುದು. ‘ಲಿಸ್ಟ್_ಇಶ್ಯೂಸ್’ನಿಂದ ಹೊಸದು ಮೊದಲು ಎಂಬ ಕ್ರಮದಲ್ಲಿ ಕೊನೆಯ ಐದನ್ನು ತೆಗೆದು ಶೀರ್ಷಿಕೆ ಹೋಲಿಸು ಎಂದು ಬರೆಯಿರಿ. ಕ್ರಮ ಕೊಟ್ಟರೆ ಏರಿಕೆಯೋ ಇಳಿಕೆಯೋ ಎಂಬುದನ್ನೂ ಕೊಡಲೇಬೇಕು ಎಂದು ಆ ಟೂಲ್‌ನ ವಿವರಣೆಯೇ ಹೇಳುತ್ತದೆ.

ಎರಡು ಟೂಲ್‌ಗಳನ್ನು ಒಂದು ಮಾಡಿದ್ದರಿಂದ ಟೋಕನ್ (ಮಾಡೆಲ್ ಓದುವ ಪಠ್ಯದ ತುಣುಕುಗಳು) ಉಳಿಯುತ್ತದೆ, ಒಪ್ಪುವ ಮಾತು. ಕಳೆದುಕೊಂಡದ್ದು ಅನುಮತಿಯ ಸೂಕ್ಷ್ಮ. ಹೆಚ್ಚಿನ ಏಜೆಂಟ್‌ಗಳಲ್ಲಿ ‘ಈ ಟೂಲ್‌ಗೆ ಪ್ರತಿ ಸಲ ಕೇಳು, ಆ ಟೂಲ್‌ಗೆ ಕೇಳಬೇಡ’ ಎಂದು ಹೊಂದಿಸುವುದು ಟೂಲ್‌ನ ಹೆಸರಿನ ಮೇಲೆ. ಹೊಸ ಇಶ್ಯೂ ಮಾಡಲು ಕೇಳಬೇಡ, ಇರುವುದನ್ನು ಮುಟ್ಟಲು ಕೇಳು ಎಂಬ ಬಹಳ ನ್ಯಾಯವಾದ ನಿಯಮವನ್ನು ಈಗ ಹೆಸರಿನಿಂದ ಹೇಳಲು ಆಗುವುದಿಲ್ಲ. ‘ಇಶ್ಯೂ_ರೈಟ್’ ಒಟ್ಟಾರೆ ಕೇಳಿಯೇ ಮಾಡುವ ಪಟ್ಟಿಯಲ್ಲಿರಲಿ.

ಪಕ್ಕದ ಮನೆಯವರನ್ನೂ ಒಂದು ಸಲ ನೋಡಬೇಕು. ಲೀನಿಯರ್ ಎಂಬ ಟ್ರ್ಯಾಕರ್‌ನ ಎಂಸಿಪಿ ಸರ್ವರ್‌ನಲ್ಲಿ ಆದ್ಯತೆ ಸಂಖ್ಯೆಯಲ್ಲಿದೆ: 0 ಎಂದರೆ ಆದ್ಯತೆ ಇಲ್ಲ, 1 ಅರ್ಜೆಂಟ್, 4 ಕಡಿಮೆ. ದೊಡ್ಡ ಸಂಖ್ಯೆ ಎಂದರೆ ದೊಡ್ಡ ಆದ್ಯತೆ ಎಂದು ತಿಳಿದರೆ ಎಲ್ಲ ತಲೆಕೆಳಗು. ಆ ಪಟ್ಟಿಯನ್ನು ಪ್ಯಾರಾಮೀಟರ್ ವಿವರಣೆಯಲ್ಲೇ ಕೊಟ್ಟಿರುವುದರಿಂದ ಮಾಡೆಲ್ ಎಡವುವುದಿಲ್ಲ. ಜೀರಾ ತಯಾರಿಸುವ ಅಟ್ಲಾಸಿಯನ್‌ನ ಸರ್ವರ್‌ನಲ್ಲಿ ಸರಪಳಿ ಉದ್ದ. ಜೀರಾದಲ್ಲಿ ಸ್ಟೇಟಸ್ ಎಂಬುದು ಎಡಿಟ್ ಮಾಡುವ ಫೀಲ್ಡ್ ಅಲ್ಲ. ಆ ಟಿಕೆಟ್‌ಗೆ ಈಗ ಯಾವ ಟ್ರಾನ್ಸಿಷನ್‌ಗಳು (ಸ್ಟೇಟಸ್ ಬದಲಿಸುವ ಹೆಜ್ಜೆಗಳು) ತೆರೆದಿವೆ ಎಂದು ಒಂದು ಟೂಲ್‌ನಿಂದ ತಂದು, ಅದರ ಐಡಿಯನ್ನು ಇನ್ನೊಂದಕ್ಕೆ ಕೊಡಬೇಕು. ಆ ಐಡಿ ವರ್ಕ್‌ಫ್ಲೋದಿಂದ ವರ್ಕ್‌ಫ್ಲೋಗೆ ಬೇರೆ. ಜನರ ಹೆಸರಿನಿಂದ ಅಕೌಂಟ್ ಐಡಿ ಹುಡುಕಲು ಬೇರೆ ಟೂಲ್. ಹಾಗಾಗಿ ಜೀರಾಗೆ ಬರೆಯುವ ವಿವರಣೆಯಲ್ಲಿ ‘ಇದಕ್ಕೆ ಮುಂಚೆ ಯಾವ ಟೂಲ್ ಕರೆಯಬೇಕು’ ಎಂಬ ಸಾಲು ಉಳಿದೆಲ್ಲಕ್ಕಿಂತ ಮುಖ್ಯ. ಗಿಟ್‌ಹಬ್‌ಗೆ ಇಷ್ಟು ಸರಪಳಿ ಇಲ್ಲ, ಇಲ್ಲಿ ಅಪಾಯ ಇರುವುದು ಸದ್ದಿಲ್ಲದೆ ಅಳಿಸುವ ಬರಹದಲ್ಲಿ.

ಇನ್ನು ತಿದ್ದುವ ಕೆಲಸ. ಗಿಟ್‌ಹಬ್ ಸರ್ವರ್ ಇಲ್ಲಿ ಬಹಳ ಅಂಕ ಗಳಿಸುತ್ತದೆ, ಏಕೆಂದರೆ ಕೋಡ್ ಮುಟ್ಟದೆ ವಿವರಣೆ ಬದಲಿಸಲು ದಾರಿ ಕೊಟ್ಟಿದ್ದಾರೆ. ಸರ್ವರ್‌ನ ಬೈನರಿ (ಓಡಿಸುವ ಕಡತ) ಇರುವ ಫೋಲ್ಡರ್‌ನಲ್ಲೇ ‘ಗಿಟ್‌ಹಬ್-ಎಂಸಿಪಿ-ಸರ್ವರ್-ಕಾನ್ಫಿಗ್’ ಹೆಸರಿನ ಜೇಸನ್ ಕಡತ ಇಡಬೇಕು. ಒಳಗೆ ಕೀಲಿಯಾಗಿ ‘ಟೂಲ್_ಇಶ್ಯೂ_ರೈಟ್_ಡಿಸ್ಕ್ರಿಪ್ಷನ್’ (ಎಲ್ಲ ದೊಡ್ಡಕ್ಷರದಲ್ಲಿ), ಅದರ ಮುಂದೆ ನಿಮ್ಮ ವಿವರಣೆ. ಡಾಕರ್‌ನಲ್ಲಿ (ತಂತ್ರಾಂಶವನ್ನು ಕಂಟೇನರ್ ಎಂಬ ಪೊಟ್ಟಣದೊಳಗೆ ನಡೆಸುವ ಉಪಕರಣ) ಓಡಿಸುವವರಿಗೆ ಕಡತಕ್ಕಿಂತ ಎನ್ವಿರಾನ್ಮೆಂಟ್ ವೇರಿಯಬಲ್ ಸುಲಭ. ಅದೇ ಕೀಲಿಯ ಆರಂಭಕ್ಕೆ ‘ಗಿಟ್‌ಹಬ್_ಎಂಸಿಪಿ_’ ಸೇರಿಸಿ ಕಂಟೇನರ್‌ಗೆ ದಾಟಿಸಿ.

ಒಂದು ಮಿತಿ ನೆನಪಿರಲಿ. ಹೀಗೆ ಬದಲಾಗುವುದು ಟೂಲ್ ಮಟ್ಟದ ವಿವರಣೆ ಮತ್ತು ಶೀರ್ಷಿಕೆ, ಪ್ಯಾರಾಮೀಟರ್‌ನ ಸಾಲುಗಳಲ್ಲ. ಲೇಬಲ್ ಪ್ಯಾರಾಮೀಟರ್‌ನ ಪಕ್ಕದಲ್ಲೇ ಎಚ್ಚರಿಕೆ ಬರೆಯುವ ಆಸೆ ಈಡೇರುವುದಿಲ್ಲ. ಮೇಲಿನ ವಿವರಣೆಯಲ್ಲೇ ಪ್ಯಾರಾಮೀಟರ್‌ನ ಹೆಸರು ಹಿಡಿದು ಹೇಳಬೇಕು. ‘ಇಶ್ಯೂ_ರೈಟ್’ಗೆ ಬೇಕಾದ ಸಾರ ಇಷ್ಟು:

‘ಹೊಸ ಇಶ್ಯೂ ಮಾಡುತ್ತದೆ ಅಥವಾ ಇರುವುದನ್ನು ಬದಲಿಸುತ್ತದೆ. ಕಾಮೆಂಟ್ ಹಾಕಲು ಇದನ್ನು ಬಳಸಬೇಡ, ಆ್ಯಡ್_ಇಶ್ಯೂ_ಕಾಮೆಂಟ್ ಬಳಸು. ಅಪ್‌ಡೇಟ್‌ನಲ್ಲಿ ಲೇಬಲ್ಸ್ ಮತ್ತು ಅಸೈನೀಸ್ ಹಳೆಯ ಪಟ್ಟಿಯನ್ನು ಪೂರ್ತಿ ಬದಲಿಸುತ್ತವೆ. ಒಂದನ್ನು ಸೇರಿಸಬೇಕಾದರೂ ಮೊದಲು ಇಶ್ಯೂ_ರೀಡ್‌ನಿಂದ ಈಗಿರುವ ಪಟ್ಟಿ ತಂದು, ಹಳೆಯದು ಹೊಸದು ಎರಡನ್ನೂ ಕಳಿಸು. ಅರ್ಜೆಂಟ್ ಎಂದರೆ ಪಿ0 ಲೇಬಲ್, ಆಗ ಪಿ1, ಪಿ2 ಇದ್ದರೆ ತೆಗೆ. ಮುಚ್ಚುವಾಗ ಕಾರಣ ಕಡ್ಡಾಯ, ತಿಳಿಯದಿದ್ದರೆ ಬಳಕೆದಾರರನ್ನು ಕೇಳು. ಕ್ರಿಯೇಟ್ ಟೈಮ್‌ಔಟ್ ಆದರೆ ಮತ್ತೆ ಮಾಡುವ ಮೊದಲು ಇತ್ತೀಚಿನ ಐದು ಇಶ್ಯೂಗಳ ಶೀರ್ಷಿಕೆ ನೋಡು.’

ಇದನ್ನು ಕನ್ನಡದಲ್ಲೇ ಬರೆದರೂ ಮಾಡೆಲ್‌ಗಳು ಅರ್ಥ ಮಾಡಿಕೊಳ್ಳುತ್ತವೆ. ಆದರೆ ಅದೇ ಮಾತಿಗೆ ಕನ್ನಡ ಲಿಪಿ ಸಾಮಾನ್ಯವಾಗಿ ಹೆಚ್ಚು ಟೋಕನ್ ತಿನ್ನುತ್ತದೆ, ವಿವರಣೆಯೋ ಪ್ರತಿ ಸಂಭಾಷಣೆಯ ಜೊತೆಗೂ ಹೋಗುತ್ತದೆ. ವಿವರಣೆ ಇಂಗ್ಲಿಷಿನಲ್ಲಿರಲಿ, ತಂಡದವರು ನಿಜಕ್ಕೂ ಆಡುವ ‘ಬೇಡ ಬಿಡು’, ‘ಆಗ್ಲೇ ಇದೆ’ ತರಹದ ನಾಲ್ಕಾರು ಮಾತುಗಳನ್ನು ಮಾತ್ರ ಹಾಗೇ ಸೇರಿಸಿ. ಓಪನ್‌ಎಐ ಕಡೆಯ ಎಪಿಐ ಮೂಲಕ ಓಡಿಸುವವರು ವಿವರಣೆಯನ್ನು 1024 ಅಕ್ಷರಗಳೊಳಗೆ ಮುಗಿಸುವುದು ಕ್ಷೇಮ. ಮೇಲಿನದನ್ನು ಬಿಗಿಯಾಗಿ ಬರೆದರೆ ಅಷ್ಟರಲ್ಲಿ ಹಿಡಿಯುತ್ತದೆ. ‘ದಯವಿಟ್ಟು ಬಹಳ ಜಾಗರೂಕತೆಯಿಂದ ಬಳಸು’ ಎಂಬಂಥ ಸಾಲುಗಳನ್ನು ಮೊದಲು ಕತ್ತರಿಸಿ, ಅವು ಯಾವ ತಪ್ಪು ಕರೆಯನ್ನೂ ತಡೆಯುವುದಿಲ್ಲ.

ಎಲ್ಲ ವಿವರಣೆಗಳನ್ನು ಒಟ್ಟಿಗೆ ಕಡತಕ್ಕೆ ಬರೆಸುವ ‘ಎಕ್ಸ್‌ಪೋರ್ಟ್-ಟ್ರಾನ್ಸ್‌ಲೇಶನ್ಸ್’ ಎಂಬ ಫ್ಲ್ಯಾಗ್ (ಸರ್ವರ್ ಓಡಿಸುವಾಗ ಕೊಡುವ ಆಯ್ಕೆ) ಕೂಡ ಇದೆ. ಕೀಲಿಗಳ ಹೆಸರು ತಿಳಿಯಲು ಒಂದು ಸಲ ಓಡಿಸಿ, ಆಮೇಲೆ ನೀವು ತಿದ್ದಿದ ಕೀಲಿಗಳನ್ನು ಮಾತ್ರ ಉಳಿಸಿ ಬೇರೆಯವನ್ನು ಅಳಿಸಿಬಿಡಿ. ಇಡೀ ಕಡತ ಹಾಗೇ ಬಿಟ್ಟರೆ ಮುಂದೆ ಸರ್ವರ್ ಅಪ್‌ಗ್ರೇಡ್ ಆದಾಗ ಅವರು ಸುಧಾರಿಸಿದ ಹೊಸ ವಿವರಣೆಗಳನ್ನು ನಿಮ್ಮ ಕಡತದಲ್ಲಿ ಕೂತ ಹಳೆಯವು ಮುಚ್ಚಿಹಾಕುತ್ತವೆ.

ಪರೀಕ್ಷೆಗೆ ಒಂದು ಖಾಲಿ ರೆಪೊ ಮಾಡಿ, ಹತ್ತು ಹದಿನೈದು ಇಶ್ಯೂ, ಒಂದೊಂದಕ್ಕೆ ಎರಡು ಮೂರು ಲೇಬಲ್ ಹಾಕಿಟ್ಟುಕೊಳ್ಳಿ. ತಂಡದ ಚಾಟ್‌ನಿಂದ ನಿಜವಾದ ಮಾತುಗಳನ್ನೇ ಎತ್ತಿ ಪ್ರಾಂಪ್ಟ್ ಮಾಡಿ. ಏಜೆಂಟ್ ಕೊನೆಗೆ ಏನು ಹೇಳಿತು ಎಂಬುದನ್ನು ನೋಡಬೇಡಿ. ಮೊದಲ ಕರೆ ಯಾವ ಟೂಲ್‌ಗೆ ಹೋಯಿತು, ಯಾವ ಪ್ಯಾರಾಮೀಟರ್‌ಗೆ ಏನು ಕಳಿಸಿತು, ಬರೆಯುವ ಮೊದಲು ಓದಿತೇ, ಇವನ್ನು ದಾಖಲಿಸಿ. ಅಪ್‌ಡೇಟ್ ಆದಮೇಲೆ ಲೇಬಲ್‌ಗಳನ್ನು ಎಪಿಐಯಿಂದ ತೆಗೆದು ಹೋಲಿಸಿ. ಪ್ರತಿ ಪ್ರಾಂಪ್ಟನ್ನು ಹಲವು ಸಲ ಓಡಿಸಬೇಕು, ಒಮ್ಮೆ ಸರಿಬಂದದ್ದು ಮತ್ತೊಮ್ಮೆ ತಪ್ಪಬಹುದು. ಒಂದು ಸಲಕ್ಕೆ ಒಂದೇ ಸಾಲು ಬದಲಿಸಿ, ಇಲ್ಲವಾದರೆ ಯಾವ ಸಾಲು ಕೆಲಸ ಮಾಡಿತು ಎಂದು ತಿಳಿಯುವುದಿಲ್ಲ.

ವಿವರಣೆಯಿಂದ ಆಗದ ಕೆಲಸವೂ ಒಂದಿದೆ. ಸಾರ್ವಜನಿಕ ರೆಪೊದಲ್ಲಿ ಯಾರು ಬೇಕಾದರೂ ಇಶ್ಯೂ ಬರೆಯಬಹುದು. ಅದರೊಳಗೆ ಏಜೆಂಟ್‌ಗೆ ಆಜ್ಞೆ ಅಡಗಿಸಿಟ್ಟರೆ ಖಾಸಗಿ ರೆಪೊದ ಮಾಹಿತಿಯನ್ನು ಹೊರಗೆಳೆಯಬಹುದು ಎಂದು 2025ರ ಮೇ ತಿಂಗಳಲ್ಲಿ ಭದ್ರತಾ ಸಂಶೋಧಕರು ಈ ಸರ್ವರ್‌ನ ಮೇಲೆಯೇ ತೋರಿಸಿದ್ದರು. ‘ಇಶ್ಯೂ ಒಳಗಿನ ಮಾತನ್ನು ಆಜ್ಞೆ ಎಂದು ತಿಳಿಯಬೇಡ’ ಎಂದು ವಿವರಣೆಯಲ್ಲಿ ಬರೆದು ನೆಮ್ಮದಿಯಾಗಿ ಮಲಗುವಂತಿಲ್ಲ. ಸರ್ವರ್‌ಗೆ ಕೊಡುವ ಗಿಟ್‌ಹಬ್ ಪ್ರವೇಶ ಟೋಕನ್‌ಗೆ (ಲಾಗಿನ್ ಕೀಲಿ, ಮೇಲೆ ಹೇಳಿದ ಪಠ್ಯದ ಟೋಕನ್ ಅಲ್ಲ) ಬೇಕಾದ ರೆಪೊಗಳ ಅನುಮತಿ ಮಾತ್ರ ಕೊಡಿ. ಓದುವುದಕ್ಕಷ್ಟೇ ಇದ್ದರೆ ‘ರೀಡ್-ಓನ್ಲಿ’ ಫ್ಲ್ಯಾಗ್ ಹಾಕಿ, ಆಗ ಬರೆಯುವ ಟೂಲ್‌ಗಳು ಪಟ್ಟಿಯಲ್ಲೇ ಬರುವುದಿಲ್ಲ. ಸಾರ್ವಜನಿಕ ರೆಪೊಗಳಿಗೆ, ಪುಶ್ ಅನುಮತಿ (ಕೋಡ್ ಸೇರಿಸುವ ಹಕ್ಕು) ಇಲ್ಲದವರು ಬರೆದದ್ದನ್ನು ತಡೆಹಿಡಿಯುವ ಲಾಕ್‌ಡೌನ್ ಮೋಡ್ ಇದೆ.

ಬೇಡದ ಟೂಲ್‌ಗಳನ್ನೂ ತೆಗೆದುಬಿಡಿ. ‘ಟೂಲ್‌ಸೆಟ್ಸ್’ ಫ್ಲ್ಯಾಗ್‌ಗೆ ‘ಇಶ್ಯೂಸ್’ ಒಂದನ್ನೇ ಕೊಟ್ಟರೆ ರೆಪೊ, ಪುಲ್ ರಿಕ್ವೆಸ್ಟ್ ಗುಂಪುಗಳು ಬರುವುದಿಲ್ಲ. ಕ್ಲಾಡ್ ಕೋಡ್ ಎಂಬ ಏಜೆಂಟ್ ಬಳಸುವವರು ‘ಕಾಂಟೆಕ್ಸ್ಟ್’ ಕಮಾಂಡ್ ಕೊಟ್ಟು ಎಂಸಿಪಿ ಟೂಲ್‌ಗಳು ಎಷ್ಟು ಟೋಕನ್ ಹಿಡಿದಿವೆ ಎಂದು ಮೊದಲು, ಆಮೇಲೆ ನೋಡಿ ಹೋಲಿಸಬಹುದು.

ಒಟ್ಟಿನಲ್ಲಿ ಓದುವ ಟೂಲ್‌ಗಳ ವಿವರಣೆಗೆ ಹತ್ತಕ್ಕೆ ಎಂಟು, ‘ಸಿನ್ಸ್’ ಇಲ್ಲದಿದ್ದರೆ ಇನ್ನೊಂದು ಸಿಗುತ್ತಿತ್ತು. ‘ಇಶ್ಯೂ_ರೈಟ್’ಗೆ ಬಂದ ಹಾಗೇ ಬಳಸಿದರೆ ಐದು, ತಿದ್ದಿದ ಮೇಲೆ ಎಂಟು. ಗಿಟ್‌ಹಬ್‌ನವರೇ ನಡೆಸುವ ರಿಮೋಟ್ ಸರ್ವರ್‌ಗೆ ನೇರವಾಗಿ ಜೋಡಿಸಿಕೊಂಡವರಿಗೆ ಬೈನರಿಯ ಪಕ್ಕ ಕಡತ ಇಡುವ ಈ ದಾರಿ ಇಲ್ಲ. ಅವರು ಇದೇ ಮಾತುಗಳನ್ನು ಏಜೆಂಟ್‌ನ ಸೂಚನಾ ಕಡತದಲ್ಲಿ, ಟೂಲ್‌ನ ಪೂರ್ತಿ ಹೆಸರಿನ ಜೊತೆ ಬರೆದಿಟ್ಟುಕೊಳ್ಳಬೇಕು. ತಂಡದ ಪ್ರತಿಯೊಬ್ಬರ ಯಂತ್ರದಲ್ಲೂ ಆ ಕಡತ ಒಂದೇ ಆಗಿರುವಂತೆ ರೆಪೊದೊಳಗೇ ಕಮಿಟ್ ಮಾಡಿ.